ಹಿತ್ತಲ ಶೆಡ್ಡಿಗೆ ಮೂರು ಫೇಸು

— ಮಾವ, ಹಿತ್ತಲಲ್ಲಿ ಶೆಡ್ಡು ಎದ್ದಾಯ್ತು. ಮರಗೆಲಸಕ್ಕೆ ಮೂರು ಹೆಚ್‌ಪಿ ಸರ್ಕ್ಯುಲರ್ ಸಾ ತಂದಿಟ್ಟಿದ್ದೀನಿ. ರಂದಾ ಮಷೀನು, ಧೂಳು ಎಳೆಯೋ ಬ್ಲೋವರು ಎರಡಕ್ಕೂ ಮಾತಾಡಿದ್ದೀನಿ. ಎಲ್ಲಾ ತ್ರೀ ಫೇಸ್ ಮೋಟಾರು. ಮನೆಗಿರೋದು ಸಿಂಗಲ್ ಫೇಸ್ ಮೀಟರು. ದುಡ್ಡೆಲ್ಲ ಮಷೀನಿಗೇ ಹೋಗ್ತಿದೆ. ಕಡಿಮೆ ಖರ್ಚಲ್ಲಿ ವೈರಿಂಗ್ ಹೇಗೆ ಮಾಡೋದು ಹೇಳಿ.

— ಮೊದಲು ರಸ್ತೆಗೆ ಹೋಗಿ ಕಂಬ ನೋಡಿದ್ಯಾ? ಎಷ್ಟು ತಂತಿ ಇದೆ?

— ಐದು ಇದೆ.

— ಮೂರು ಫೇಸು, ಒಂದು ನ್ಯೂಟ್ರಲ್ಲು, ಇನ್ನೊಂದು ಬೀದಿ ದೀಪದ್ದು. ಅಂದ್ರೆ ನಿನಗೆ ಬೇಕಾಗಿರೋದು ಗೇಟಿನ ಹತ್ತಿರ ಬಂದು ನಿಂತಿದೆ. ಕೆಲವು ಕಡೆ ಈಗ ಬಿಡಿ ತಂತಿ ತೆಗೆದು ಒಟ್ಟಿಗೆ ಹೆಣೆದ ಕೇಬಲ್ ಎಳೆದಿದ್ದಾರೆ, ಅಲ್ಲೂ ಒಳಗಡೆ ಅವೇ ಇರೋದು. ನಮ್ಮಲ್ಲಿ ಟ್ರಾನ್ಸ್‌ಫಾರ್ಮರಿಂದ ಬೀದಿಗೆ ಬರೋದೇ ಮೂರು ಫೇಸು. ಮನೆಗೆ ಬರುವಾಗ ಅದರಲ್ಲಿ ಒಂದನ್ನ ಮಾತ್ರ ಇಳಿಸಿಕೊಡ್ತಾರೆ.

— ಅಮೆರಿಕದವರ ವಿಡಿಯೋ ನೋಡಿದೆ ಮಾವ. ಅವರು ಒಂದು ದೊಡ್ಡ ಮೋಟಾರನ್ನ ಕೆಪಾಸಿಟರ್ ಹಾಕಿ ಸುಮ್ಮನೆ ತಿರುಗಿಸಿ, ಅದರಿಂದ ಮೂರನೇ ಫೇಸು ಹುಟ್ಟಿಸಿಕೊಳ್ತಾರೆ. ಹಳೇ ಮೋಟಾರು ಸಿಕ್ಕಿದ್ರೆ ಅಂಥದ್ದನ್ನೇ ಮಾಡೋಣ ಅಂತ.

— ಅವರ ಕಷ್ಟ ಬೇರೆ. ಅಲ್ಲಿ ಮನೆಗಳಿರೋ ಬೀದಿಗೆ ಬರೋದೇ ಸಿಂಗಲ್ ಫೇಸ್ ಲೈನು. ತ್ರೀ ಫೇಸ್ ಬೇಕು ಅಂದ್ರೆ ದೂರದಿಂದ ಲೈನ್ ಎಳೆಸಬೇಕು, ಅದಕ್ಕೆ ಮಷೀನಿಗಿಂತ ಜಾಸ್ತಿ ಖರ್ಚು ಬೀಳತ್ತೆ. ಅದಕ್ಕೇ ಗ್ಯಾರೇಜಿನಲ್ಲಿ ಕನ್ವರ್ಟರ್ ಕಟ್ಟಿಕೊಳ್ತಾರೆ. ಅವರ ಪಾಡಿಗೆ ಅದು ಸರಿ. ನಾವು ಕಂಬದ ಮೇಲಿರೋದನ್ನ ಬಿಟ್ಟು, ದಿನವಿಡೀ ಒಂದು ಮೋಟಾರನ್ನ ಖಾಲಿ ತಿರುಗಿಸಿ ಯೂನಿಟ್ ಸುಡೋದು ಯಾಕೆ?

— ಹಾಗಾದ್ರೆ ಮೋಟಾರನ್ನೇ ಸಿಂಗಲ್ ಫೇಸಿಗೆ ಬದಲಾಯಿಸಿದ್ರೆ? ಮೀಟರಿನ ತಂಟೆಯೇ ಬೇಡ.

— ಒಂದು ಹೆಚ್‌ಪಿ ಆಗಿದ್ರೆ ನಾನೇ ಹಾಗೆ ಹೇಳ್ತಿದ್ದೆ. ಮೂರಕ್ಕೆ ಲೆಕ್ಕ ಹಾಕಿ ನೋಡೋಣ. ಮೀಟರಿಂದ ಶೆಡ್ಡಿಗೆ ಎಷ್ಟು ದೂರ?

— ಇಪ್ಪತ್ತೈದು ಮೀಟರ್. ಮನೆ ಕಟ್ಟಿದಾಗ ಉಳಿದ 2.5 ಸ್ಕ್ವೇರ್ ಎಂಎಂ ತಾಮ್ರದ ವೈರಿದೆ, ಅದನ್ನೇ ಎಳೆಯೋಣ ಅಂತಿದ್ದೆ.

— ಸರಿ, ಆ ವೈರನ್ನೇ ಇಟ್ಕೋ. ಇಪ್ಪತ್ತೈದು ಮೀಟರಿಗೆ ಒಂದು ಎಳೆಯ ರೋಧ ಹೆಚ್ಚುಕಡಿಮೆ 0.2 ಓಮ್. ಸಿಂಗಲ್ ಫೇಸಲ್ಲಿ ಮೂರು ಹೆಚ್‌ಪಿ ಮೋಟಾರು 16 ಆಂಪಿಯರ್ ಆಸುಪಾಸು ಎಳೆಯತ್ತೆ. ಹೋಗೋ ಎಳೆ, ಬರೋ ಎಳೆ ಎರಡೂ ಸೇರಿದ್ರೆ ಓಡುವಾಗ ಆರು ವೋಲ್ಟ್ ಚಿಲ್ಲರೆ ದಾರಿಯಲ್ಲೇ ಹೋಯ್ತು. ಅದನ್ನ ತಡೆದುಕೊಳ್ಳಬಹುದು. ಸ್ಟಾರ್ಟ್ ಆಗುವಾಗ ಐದು ಪಟ್ಟು ಎಳೆಯತ್ತೆ ಅಂತ ಇಟ್ಕೋ, ಆಗ 32 ವೋಲ್ಟ್ ಕುಸೀತು. 230 ಇದ್ದದ್ದು 198. ಮೋಟಾರಿನ ತಿರುಗೋ ಬಲ ವೋಲ್ಟೇಜಿನ ವರ್ಗಕ್ಕೆ ಸರಿಯಾಗಿ ಇಳಿಯತ್ತೆ. ಶಕ್ತಿ ಹೆಚ್ಚು ಬೇಕಾದ ಹೊತ್ತಲ್ಲೇ ಕಾಲು ಭಾಗ ಇಲ್ಲ. ಮನೆಯಲ್ಲಿ ದೀಪ ಮಿಣುಕತ್ತೆ, ಅಕ್ಕ ನಿನ್ನನ್ನ ಬಯ್ತಾಳೆ. ಅದೇ ಮೂರು ಹೆಚ್‌ಪಿ ತ್ರೀ ಫೇಸಲ್ಲಿ ಎಳೆಯೋದು ಒಂದೊಂದು ತಂತಿಯಲ್ಲಿ ಸುಮಾರು 5 ಆಂಪಿಯರ್. ಅದೇ ವೈರು, ಅದೇ ದೂರ, ಅದೇ ಐದು ಪಟ್ಟು. 415ರಲ್ಲಿ ಒಂಬತ್ತು ವೋಲ್ಟೂ ಇಳಿಯಲ್ಲ.

— ಇಷ್ಟೊಂದು ವ್ಯತ್ಯಾಸ ಇರತ್ತೆ ಅಂದ್ಕೊಂಡಿರಲಿಲ್ಲ.

— ಇನ್ನೂ ಒಂದಿದೆ. ಸಿಂಗಲ್ ಫೇಸಲ್ಲಿ ಶಕ್ತಿ ಸೆಕೆಂಡಿಗೆ ನೂರು ಸಲ ಏರಿ ಇಳಿಯತ್ತೆ. ಮೂರು ಫೇಸು ಅಂದ್ರೆ ಒಂದೇ ಒರಳಿಗೆ ಮೂವರು ಒನಕೆ ಹಾಕಿದ ಹಾಗೆ, ಒಬ್ಬರದು ಮೇಲೇಳುವಾಗ ಇನ್ನೊಬ್ಬರದು ಬೀಳ್ತಿರತ್ತೆ. ಒಟ್ಟು ಶಕ್ತಿ ಸಮನಾಗಿ ಬರತ್ತೆ, ಮೋಟಾರು ನಡುಗಲ್ಲ. ಸ್ಟಾರ್ಟ್ ಮಾಡೋಕೆ ಕೆಪಾಸಿಟರ್ ಬೇಡ, ಒಳಗಡೆ ಸೆಂಟ್ರಿಫ್ಯೂಗಲ್ ಸ್ವಿಚ್ ಬೇಡ. ಮರದ ಧೂಳಲ್ಲಿ ಮೊದಲು ಕೆಡೋದು ಅವೆರಡೇ. ನೀನು ತಗೊಂಡಿರೋ ಮೋಟಾರು ಸರಿಯಾಗೇ ಇದೆ, ಅದನ್ನ ಬದಲಾಯಿಸಬೇಡ.

— ಊರಲ್ಲಿ ನನ್ನ ಸ್ನೇಹಿತ ತೋಟದಲ್ಲಿ ಕಂಡೆನ್ಸರ್ ಹಾಕಿ ಸಿಂಗಲ್ ಫೇಸಲ್ಲೇ ತ್ರೀ ಫೇಸ್ ಪಂಪು ಓಡಿಸ್ತಾನೆ. ಅದಂತೂ ನೂರಿನ್ನೂರು ರೂಪಾಯಲ್ಲಿ ಮುಗಿಯತ್ತೆ.

— ಬೇಡಪ್ಪಾ. ರೈತರು ಬೆಳೆ ಒಣಗ್ತಿರೋವಾಗ, ತ್ರೀ ಫೇಸ್ ಬರೋವರೆಗೆ ಕಾಯೋಕಾಗದೆ ಹಾಗೆ ಮಾಡಿದ್ರು. ಅವರ ಸಂಕಟ ನನಗೆ ಗೊತ್ತು, ಅವರನ್ನ ನಾನು ಬಯ್ಯಲ್ಲ. ಆದ್ರೆ ಒಂದೇ ಫೇಸಿನ ಮೇಲೆ ಹತ್ತು ಪಂಪು ಬಿದ್ದು ಎಷ್ಟು ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಆಮೇಲೆ ಇಡೀ ಊರೇ ಎಷ್ಟು ದಿನ ಕತ್ತಲಲ್ಲಿ ಕೂತಿದೆ ನೋಡಿದ್ದೀನಿ. ಪಂಪ್‌ಸೆಟ್ಟಿಗೆ ಬೇರೆ ಫೀಡರು, ಮನೆಗಳಿಗೆ ಬೇರೆ ಫೀಡರು ಅಂತ ನಿರಂತರ ಜ್ಯೋತಿ ಯೋಜನೆಯಲ್ಲಿ ವಿಂಗಡಿಸಿದ್ದೇ ಇಂಥ ತೊಂದರೆಗಳಿಂದ. ಹಾಗೆ ಓಡಿಸಿದ ಮೋಟಾರಿಗೆ ಪೂರ್ತಿ ಬಲವೂ ಬರಲ್ಲ, ಒಂದು ವೈಂಡಿಂಗು ಉಳಿದೆರಡಕ್ಕಿಂತ ಜಾಸ್ತಿ ಕಾಯತ್ತೆ. ಪಂಪಾದ್ರೆ ಬಾವಿ ಹತ್ತಿರ ಒಂದೇ ಇರತ್ತೆ. ಸಾ ಮುಂದೆ ಇರೋದು ನಿನ್ನ ಕೈ. ಹಲಗೆ ಅರ್ಧ ಕೊಯ್ದಾಗ ಬ್ಲೇಡು ಸೋತು ಕಚ್ಚಿಕೊಂಡ್ರೆ ಹಲಗೆ ವಾಪಸ್ ಬಂದು ಹೊಟ್ಟೆಗೆ ಹೊಡೆಯತ್ತೆ.

— ಸರಿ, ಅದನ್ನ ಬಿಟ್ಟೆ. ವಿಎಫ್‌ಡಿ? ಸಿಂಗಲ್ ಫೇಸ್ ಒಳಗೆ ಕೊಟ್ರೆ ತ್ರೀ ಫೇಸ್ ಹೊರಗೆ ಬರತ್ತೆ.

— ಅದು ಒಳ್ಳೇ ದಾರಿ. ಒಂದೇ ಮಷೀನು ಇದ್ದಿದ್ರೆ, ಅಥವಾ ಬಾಡಿಗೆ ಮನೆಯಾಗಿದ್ರೆ, ನಾನೇ ಅದನ್ನ ಹೇಳ್ತಿದ್ದೆ. ನಿಧಾನಕ್ಕೆ ವೇಗ ಏರಿಸ್ತದೆ, ಸ್ಟಾರ್ಟಿಂಗ್ ಎಳೆತ ಇರಲ್ಲ. ಲೇತ್ ಇದ್ದೋರಿಗಂತೂ ಬೆಲ್ಟ್ ಬದಲಾಯಿಸದೆ ವೇಗ ಬದಲಾಯಿಸೋ ಅನುಕೂಲ. ಆದ್ರೆ 230 ಒಳಗೆ ಕೊಟ್ರೆ ಹೊರಗೆ ಬರೋ ಮೂರು ಫೇಸೂ 230ರದ್ದೇ. 415 ಬರಲ್ಲ. ನಿನ್ನ ಮೋಟಾರಿನ ಟರ್ಮಿನಲ್ ಬಾಕ್ಸ್ ಮುಚ್ಚಳ ಬಿಚ್ಚಿ ನೋಡಿದ್ಯಾ?

— ಇಲ್ಲ.

— ಬಿಚ್ಚು. ಆರು ಬೋಲ್ಟು ಇದ್ದು, ಮೂರನ್ನ ಸೇರಿಸಿ ಹಿತ್ತಾಳೆ ಪಟ್ಟಿ ಹಾಕಿದ್ರೆ ಅದು ಸ್ಟಾರ್. ಸಣ್ಣ ಮೋಟಾರುಗಳಲ್ಲಿ ಹೆಚ್ಚಾಗಿ ಅದೇ ಇರತ್ತೆ. ಆ ಪಟ್ಟಿ ತೆಗೆದು ಎದುರುಬದುರಿಗೆ ಹಾಕಿ ಡೆಲ್ಟಾ ಮಾಡಿದ್ರೆ, 415ರ ಸ್ಟಾರ್ ಮೋಟಾರು 240ಕ್ಕೆ ಪೂರ್ತಿ ಬಲದಲ್ಲಿ ಓಡತ್ತೆ. 5 ಆಂಪಿಯರ್ ಎಳೀತಿದ್ದದ್ದು ಎಂಟೂವರೆ ಎಳೆಯತ್ತೆ ಅಷ್ಟೇ. ಮೂರೇ ವೈರು ಹೊರಗೆ ಬಂದಿದ್ರೆ ಸ್ಟಾರ್ ಗಂಟು ಒಳಗೇ ಹುದುಗಿರತ್ತೆ. ವೈಂಡಿಂಗ್ ಮಾಡೋರ ಹತ್ತಿರ ತಗೊಂಡು ಹೋದ್ರೆ ಆರು ತುದಿ ಹೊರಗೆ ತೆಗೆದುಕೊಡ್ತಾರೆ. ಪ್ಲೇಟಿನ ಮೇಲೆ 415 ಡೆಲ್ಟಾ ಅಂತಲೇ ಇದ್ರೆ 230ರ ವಿಎಫ್‌ಡಿಗೆ ಅದು ಆಗಿಬರಲ್ಲ, ಅರ್ಧ ವೇಗ ದಾಟಿದ ಮೇಲೆ ಬಲವೇ ಇರಲ್ಲ. ಇದನ್ನ ನೋಡದೆ ಡ್ರೈವ್ ತಂದು, ಮೋಟಾರು ಎಳೀತಿಲ್ಲ ಅಂತ ಬಯ್ಯೋರೇ ಜಾಸ್ತಿ.

— ನಂದು ಆರು ಬೋಲ್ಟ್ ಇದ್ರೆ ವಿಎಫ್‌ಡಿನೇ ಸಾಕಲ್ಲ?

— 2.2 ಕಿಲೋವ್ಯಾಟ್ ಡ್ರೈವು ಸಿಂಗಲ್ ಫೇಸ್ ಕಡೆಯಿಂದ 20 ಆಂಪಿಯರ್ ದಾಟಿ ಎಳೆಯತ್ತೆ. ಉಳಿದ 2.5 ವೈರು ಅದಕ್ಕೆ ಸಾಲಲ್ಲ, ಬೇರೆ ಲೈನೇ ಎಳೀಬೇಕು. ಮನೆ ಮೀಟರಿನ ಮಂಜೂರಾತಿ ಲೋಡು ಹೆಚ್ಚಿಸಬೇಕು. ಮೂರು ಮಷೀನಿಗೆ ಮೂರು ಡ್ರೈವು ಬೇಕು. ಒಂದೇ ಡ್ರೈವಿಂದ ಮೂರಕ್ಕೂ ಸ್ವಿಚ್ ಹಾಕಿ ಹಂಚಬಹುದು ಅಂತ ಹೇಳೋರಿದ್ದಾರೆ. ಓಡ್ತಿರುವಾಗ ಆ ಸ್ವಿಚ್ಚು ಯಾರಾದ್ರೂ ತಿರುಗಿಸಿದ್ರೆ ಡ್ರೈವು ಹಾಳಾಗಬಹುದು. ಸಾ ಓಡುವಾಗ ಬ್ಲೋವರೂ ಓಡ್ಲೇಬೇಕು, ಅಲ್ಲಿಗೆ ಎರಡು ಡ್ರೈವ್ ಅಂತೂ ಆಯ್ತು. ಮೇಲೆ ಮರದ ಹುಡಿ. ಡ್ರೈವಿನ ಫ್ಯಾನು ಅದನ್ನ ಒಳಗೆಳೆದು ಹೀಟ್ ಸಿಂಕಿನ ಮೇಲೆ ಕಂಬಳಿ ಹೊದಿಸತ್ತೆ. ಇದೆಲ್ಲ ಕೂಡಿಸಿದ್ರೆ, ನಿನ್ನಂಥವನಿಗೆ ಸರಿಯಾದ ತ್ರೀ ಫೇಸ್ ಕನೆಕ್ಷನ್ನೇ ಅಗ್ಗ.

— ಕನೆಕ್ಷನ್ ಅಂದ್ರೆ ಬೆಸ್ಕಾಂ ಆಫೀಸಿಗೆ ಅಲೆದಾಟ.

— ಒಂದೆರಡು ಸಲ ಹೋಗಬೇಕಾಗತ್ತೆ, ಹೋಗು. ಅಲ್ಲಿ ಮೊದಲು ಕೇಳೋದು, ಶೆಡ್ಡಲ್ಲಿ ಏನು ಮಾಡ್ತೀಯ ಅಂತ. ಮನೆಗೆ ಬೇಕಾದ ಕಪಾಟು, ಮಂಚ, ಹವ್ಯಾಸ ಅಷ್ಟೇ ಅಂದ್ರೆ ಮನೆ ಮೀಟರನ್ನೇ ತ್ರೀ ಫೇಸ್ ಮಾಡಿಸಿಕೋ. ಆರ್ಡರ್ ತಗೊಂಡು ದುಡ್ಡಿಗೆ ಮಾಡ್ತೀಯಾ ಅಂದ್ರೆ ಅದು ಕೈಗಾರಿಕೆ, ಎಲ್‌ಟಿ-5, ಅದಕ್ಕೆ ಬೇರೆ ಮೀಟರು.

— ಸದ್ಯಕ್ಕೆ ಮನೆ ಮೀಟರಲ್ಲೇ ಶುರು ಮಾಡಿ, ಆರ್ಡರ್ ಬಂದ ಮೇಲೆ ನೋಡಿದ್ರೆ ಆಗಲ್ವಾ?

— ಆರ್ಡರ್ ಬರೋದು ಖಾತ್ರಿ ಇದ್ರೆ ಈಗಲೇ ಬೇರೆ ಮೀಟರು ಹಾಕಿಸು. ಮನೆ ಮೀಟರಿಂದ ವ್ಯಾಪಾರಕ್ಕೆ ಕರೆಂಟು ಎಳೆದಿದ್ದು ಕಂಡ್ರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ನು ಹಾಕ್ತಾರೆ, ಆ ಬಳಕೆಗೆ ಸಲ್ಲೋ ದರದ ಎರಡರಷ್ಟು ಲೆಕ್ಕ ಹಾಕಿ ಕಟ್ಟು ಅಂತಾರೆ. ಇನ್ನೊಂದು, ಮನೆಗೆ ಗೃಹಜ್ಯೋತಿ ಬರ್ತಿದೆಯಲ್ಲ, ತಿಂಗಳಿಗೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ಲು ಕಟ್ಟಬೇಕು. ಮೂರು ಹೆಚ್‌ಪಿ ಮೋಟಾರು ಪೂರ್ತಿ ಲೋಡಿನಲ್ಲಿ ಗಂಟೆಗೆ ಎರಡೂವರೆ ಯೂನಿಟ್ ಹತ್ತಿರ ತಿನ್ನತ್ತೆ. ಶೆಡ್ಡಿನ ಲೆಕ್ಕ ಅಕ್ಕನ ಅಡುಗೆಮನೆ ಲೆಕ್ಕದ ಜೊತೆ ಬೆರೆಸಬೇಡ. ಬೇರೆ ಮೀಟರಿದ್ರೆ ಒಂದು ಮಂಚಕ್ಕೆ ಎಷ್ಟು ಕರೆಂಟು ಹೋಯ್ತು ಅಂತ ನಿನಗೂ ಗೊತ್ತಾಗತ್ತೆ, ಬೆಲೆ ಹೇಳೋಕೆ ಬರತ್ತೆ.

— ಎಷ್ಟು ಹೆಚ್‌ಪಿಗೆ ಅರ್ಜಿ ಹಾಕ್ಲಿ? ಮುಂದೆ ಬ್ಯಾಂಡ್ ಸಾ ತರೋ ಆಸೆ ಇದೆ.

— ಆಸೆಗೆ ಅರ್ಜಿ ಹಾಕಬೇಡ. ಮಂಜೂರಾದ ಲೋಡಿನ ಮೇಲೆ ತಿಂಗಳು ತಿಂಗಳು ನಿಗದಿ ಶುಲ್ಕ ಬೀಳತ್ತೆ, ಮಷೀನು ಓಡ್ಲಿ ಬಿಡ್ಲಿ. ಈಗಿರೋದಕ್ಕೆ ಹಾಕು, ಬ್ಯಾಂಡ್ ಸಾ ಬಂದಾಗ ಹೆಚ್ಚಿಸಿಕೋ. ಲೈಸೆನ್ಸ್ ಇರೋ ಗುತ್ತಿಗೆದಾರರ ಕಂಪ್ಲೀಷನ್ ರಿಪೋರ್ಟ್ ಬೇಕು. ಸಹಿಗಷ್ಟೇ ದುಡ್ಡು ಕೊಟ್ಟು ಕಳಿಸಬೇಡ. ಅವರನ್ನ ಶೆಡ್ಡಿಗೆ ಕರ್ಕೊಂಡು ಬಂದು ಮೆಗ್ಗರ್ ಹಾಕಿಸಿ ಇನ್ಸುಲೇಷನ್ ನೋಡಿಸಿ, ಅರ್ಥಿಂಗ್ ಅಳೆಸಿ, ಆಮೇಲೆ ಸಹಿ ಮಾಡಿಸು.

— ಹಾಗಾದ್ರೆ ಉಳಿಸೋದು ಎಲ್ಲಿ ಮಾವ? ನೀವು ಹೇಳಿದ್ದೆಲ್ಲಾ ಖರ್ಚೇ.

— ಉಳಿಸೋ ಜಾಗ ಬೇಕಾದಷ್ಟಿದೆ. ಮೀಟರಿಂದ ಶೆಡ್ಡಿಗೆ ತಾಮ್ರ ಬೇಡ, 10 ಸ್ಕ್ವೇರ್ ಎಂಎಂ ನಾಲ್ಕು ಕೋರಿನ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್ ಹಾಕು. ತುದಿಗೆ ಲಗ್ ಹಾಕಿ ಕ್ರಿಂಪ್ ಮಾಡಿಸು, ಬರೀ ಸ್ಕ್ರೂ ಕೆಳಗೆ ಅಲ್ಯೂಮಿನಿಯಂ ಸಡಿಲಾಗ್ತಾ ಹೋಗತ್ತೆ. ಎರಡೂವರೆ ಅಡಿ ಆಳದ ಕಾಲುವೆ ನೀನೇ ತೋಡು, ಮರಳು ಹಾಸಿ ಮೇಲೆ ಇಟ್ಟಿಗೆ ಮುಚ್ಚು. ಶೆಡ್ಡಿನೊಳಗೆ ಗೋಡೆ ಒಡೆಯೋದು ಬೇಡ, ಪಿವಿಸಿ ಪೈಪು ಗೋಡೆ ಮೇಲೇ ಕ್ಲಾಂಪ್ ಹೊಡೆದು ಕೂರಿಸು, ಅದನ್ನೂ ನೀನೇ ಮಾಡಬಹುದು. ಮೋಟಾರಿಗೆ ಹೋಗೋಕೆ ನಿನ್ನ 2.5 ವೈರು ಧಾರಾಳ. ಇನ್ನು ರಂದಾ ಮಷೀನಿಗೆ ಹೊಸ ಮೋಟಾರು ಬೇಡ, ಗುಜರಿಯಲ್ಲಿ ಹುಡುಕೋಣ. ಬೈಯಪ್ಪನಹಳ್ಳಿ ಎನ್‌ಜಿಇಎಫ್ ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯ್ತು, ಅದರ ಮೋಟಾರು ಇವತ್ತಿಗೂ ಸಿಗತ್ತೆ. ಬೀಡಿನ ಮೈ, ಎತ್ತೋಕೆ ಇಬ್ಬರು ಬೇಕು. ಅಂಥದ್ದೊಂದು ಸಿಕ್ಕಿದ್ರೆ ನಾನು ಸಂತೋಷವಾಗಿ ತಗೋತೀನಿ.

— ಹಳೇದು ಅಂದ್ರೆ ಸುಟ್ಟಿದ್ದು ತಲೆಗೆ ಕಟ್ಟಲ್ವಾ?

— ನೋಡೋಕೆ ಬಂದ್ರೆ ಕಟ್ಟೋಕಾಗಲ್ಲ. ಶಾಫ್ಟು ಕೈಯಲ್ಲಿ ತಿರುಗಿಸು, ಕರಕರ ಅಂದ್ರೆ ಬೇರಿಂಗು, ಅದಕ್ಕೆ ಹೆದರಬೇಡ, ಬದಲಾಯಿಸಬಹುದು. ಮುಚ್ಚಳ ತೆಗೆದು ಮೂಸಿ ನೋಡು, ಸುಟ್ಟ ವಾರ್ನಿಷ್ ವಾಸನೆ ವರ್ಷಗಟ್ಟಲೆ ಹೋಗಲ್ಲ. ಮೂರು ವೈಂಡಿಂಗಿನ ಓಮ್ಸು ಅಳೆದು ಮೂರೂ ಒಂದೇ ಇದೆಯಾ ನೋಡು, ಒಂದು ಕಮ್ಮಿ ಇದ್ರೆ ಒಳಗೆ ಶಾರ್ಟ್. ಮೆಗ್ಗರ್‌ನಲ್ಲಿ ವೈಂಡಿಂಗಿಂದ ಬಾಡಿಗೆ ಒಂದು ಮೆಗಾಓಮ್‌ಗಿಂತ ಕಮ್ಮಿ ಬಂದ್ರೆ ಬಿಸಿಲಿಗಿಟ್ಟು ಒಣಗಿಸಿ ಮತ್ತೆ ನೋಡಬೇಕು, ಆಗಲೂ ಏರದಿದ್ರೆ ಬಿಟ್ಟು ಬಾ. ಪ್ಲೇಟಿಲ್ಲದ ಮೋಟಾರಂತೂ ಬೇಡ. ಎಷ್ಟು ಆಂಪಿಯರ್ ಅಂತ ಗೊತ್ತಿಲ್ಲದೆ ರಿಲೇ ಯಾವುದಕ್ಕೆ ಸೆಟ್ ಮಾಡ್ತೀಯ?

— ರಿಲೇ ಅಂದ್ರೆ ಸ್ಟಾರ್ಟರ್‌ದಾ? ಎಂಸಿಬಿ ಹಾಕಿ ಬಿಟ್ರೆ ಸಾಲದಾ ಮಾವ? ಮೂರು ಸ್ಟಾರ್ಟರ್ ಖರ್ಚು ಉಳೀತಿತ್ತು.

— ಅಲ್ಲೇ ಉಳಿಸಬಾರದು. ಎಂಸಿಬಿ ಇರೋದು ವೈರು ಕಾಯೋಕೆ. 5 ಆಂಪಿಯರ್ ಮೋಟಾರು ಸ್ಟಾರ್ಟ್ ಆಗಬೇಕು ಅಂತ 10ರ ಎಂಸಿಬಿ ಹಾಕ್ತೀಯ. ಮೋಟಾರು 8 ಎಳೆದು ಬೇಯ್ತಾ ಇದ್ರೂ ಅದು ಸುಮ್ಮನೆ ನಿಂತಿರತ್ತೆ. ಸ್ಟಾರ್ಟರಿನ ಓವರ್‌ಲೋಡ್ ರಿಲೇ ಪ್ಲೇಟಿನ ಅಂಕಿಗೆ ಸರಿಯಾಗಿ ತಿರುಗಿಸಿಟ್ರೆ ಅದು ಬೀಳಿಸತ್ತೆ. ಅದಕ್ಕಿಂತ ದೊಡ್ಡದು ಒಂದಿದೆ. ನಮ್ಮೂರಲ್ಲಿ ಕರೆಂಟು ಹೋಗೋದು ಬರೋದು ನಿನಗೆ ಗೊತ್ತು. ನೀನು ಕೊಯ್ತಿರುವಾಗ ಕರೆಂಟು ಹೋಯ್ತು. ಬ್ಲೇಡಿಗೆ ಸಿಕ್ಕ ಚೂರು ತೆಗೆಯೋಕೆ ಕೈ ಹಾಕ್ದೆ. ಬರೀ ಸ್ವಿಚ್ಚು, ಎಂಸಿಬಿ ಆಗಿದ್ರೆ ಕರೆಂಟು ಬಂದ ಕೂಡಲೇ ಬ್ಲೇಡು ತಿರುಗತ್ತೆ. ಸ್ಟಾರ್ಟರಿನ ಕಾಂಟ್ಯಾಕ್ಟರ್ ಕರೆಂಟು ಹೋದಾಗಲೇ ಬಿಟ್ಟುಕೊಂಡಿರತ್ತೆ, ಹಸಿರು ಗುಂಡಿ ಮತ್ತೆ ಒತ್ತೋವರೆಗೆ ಹಿಡಿಯಲ್ಲ. ಮೂರು ಮಷೀನಿಗೂ ಒಂದೊಂದು ಡಿಒಎಲ್ ಸ್ಟಾರ್ಟರು, ಈ ವಿಷಯದಲ್ಲಿ ನನ್ನ ಹತ್ರ ಚೌಕಾಸಿ ಇಲ್ಲ.

— ಆಯ್ತು. ಒಂದು ಫೇಸ್ ಮಾತ್ರ ಹೋದ್ರೆ?

— ಅದೇ ನಮ್ಮ ಕಡೆ ಮೋಟಾರುಗಳನ್ನ ಜಾಸ್ತಿ ಸುಟ್ಟಿರೋದು. ಸ್ಟಾರ್ಟರಿನ ಕಾಯಿಲಿಗೆ ಎರಡು ಫೇಸಿಂದ ಕರೆಂಟು ಹೋಗಿರತ್ತೆ. ಆರ್ ಮತ್ತು ವೈ ಇಟ್ಕೋ. ಬಿ ಹೋದ್ರೆ ಕಾಯಿಲಿಗೆ ಗೊತ್ತೇ ಆಗಲ್ಲ, ಕಾಂಟ್ಯಾಕ್ಟರ್ ಹಿಡಿದೇ ಇರತ್ತೆ. ಓಡ್ತಿದ್ದ ಮೋಟಾರು ಗುಂಯ್ ಅಂತ ಎರಡೇ ಫೇಸಲ್ಲಿ ಎಳೀತಾ, ಕರೆಂಟು ಒಂದೂಮುಕ್ಕಾಲು ಪಟ್ಟು ಏರಿಸಿಕೊಂಡು ಬೇಯತ್ತೆ. ಸಿಂಗಲ್ ಫೇಸ್ ಪ್ರಿವೆಂಟರ್ ಅಂತ ಸಣ್ಣ ಡಬ್ಬಿ, ಅದು ಕಾಯಿಲ್ ಸರ್ಕಿಟ್ಟಿನಲ್ಲಿ ಕೂತು ತಕ್ಷಣ ಕಡಿಯತ್ತೆ. ಫೇಸು ಅದಲುಬದಲಾದ್ರೂ ತಡೆಯೋ ಥರದ್ದನ್ನೇ ತಗೋ. ಲೈನ್‌ಮನ್ ಕಂಬದಲ್ಲಿ ಎರಡು ತಂತಿ ಅದಲುಬದಲು ಕಟ್ಟಿದ್ರೆ ನಿನ್ನ ಮೋಟಾರು ಹಿಂದುಮುಂದಾಗಿ ತಿರುಗತ್ತೆ. ಬ್ಲೋವರ್ ಆದ್ರೆ ಗಾಳಿ ಕಮ್ಮಿ ಆಗತ್ತೆ ಅಷ್ಟೇ. ಸಾದಲ್ಲಿ ಬ್ಲೇಡು ಹಿಡಿದಿರೋ ನಟ್ಟು ತಿರುಗೋ ದಿಕ್ಕಿಗೆ ಬಿಗಿಯಾಗೋ ಹಾಗೆ ಕಡೆದಿರತ್ತೆ, ಉಲ್ಟಾ ತಿರುಗಿದ್ರೆ ಸಡಿಲಾಗ್ತಾ ಬರತ್ತೆ.

— ಮನೆಗೆ ಅರ್ಥಿಂಗ್ ಗುಂಡಿ ಇದೆ, ಅದಕ್ಕೇ ಸೇರಿಸಬಹುದಾ?

— ಶೆಡ್ಡಿಗೆ ಬೇರೆ ಗುಂಡಿ ತೋಡಿಸು. 250 ವೋಲ್ಟ್ ಮೀರಿದ ಮೋಟಾರಿನ ಬಾಡಿಗೆ ಎರಡು ಬೇರೆಬೇರೆ ಅರ್ಥ್ ವೈರು ಇರಬೇಕು ಅಂತ ನಿಯಮವೇ ಇದೆ, ಒಂದು ಕಡಿದ್ರೆ ಇನ್ನೊಂದು ಇರಲಿ ಅಂತ. ಆದ್ರೆ ಗುಂಡಿ ನಂಬಿ ಕೂರೋದೂ ತಪ್ಪು. ಬೇಸಿಗೆಯಲ್ಲಿ ಮಣ್ಣು ಒಣಗಿ ಗುಂಡಿಯ ರೋಧ 20 ಓಮ್ ಆಯ್ತು ಅನ್ನು. ಮೋಟಾರಿನ ಬಾಡಿಗೆ ಫೇಸು ತಾಗಿದ್ರೆ ನೆಲಕ್ಕೆ ಹರಿಯೋದು ಹನ್ನೊಂದೂವರೆ ಆಂಪಿಯರ್. 10ರ ಎಂಸಿಬಿ ಅದಕ್ಕೆ ಬೀಳಲ್ಲ. ಬಾಡಿಯಲ್ಲಿ ಕರೆಂಟು ನಿಂತಿರತ್ತೆ, ನೀನು ಮುಟ್ತೀಯ. ಅದಕ್ಕೇ, ನೆಲಕ್ಕೆ ಸೋರೋದು ಕಂಡ ಕೂಡಲೇ ಬೀಳೋ ನಾಲ್ಕು ಪೋಲಿನ 30 ಮಿಲಿಆಂಪಿಯರ್ ಆರ್‌ಸಿಸಿಬಿ ಬೇಕೇ ಬೇಕು. ಅದರ ಮೇಲಿರೋ ಟಿ ಗುಂಡಿ ತಿಂಗಳಿಗೊಮ್ಮೆ ಒತ್ತಿ ನೋಡು.

— ಲೈಟು, ಪ್ಲಗ್ಗು?

— ಮೂರು ಫೇಸಿಗೂ ಹಂಚು. ಸಾ ಮೇಲಿನ ಎರಡು ದೀಪವನ್ನ ಬೇರೆಬೇರೆ ಫೇಸಿಗೆ ಕೊಡು. ಹಳೇ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ ನೂರು ಸಲ ಮಿಣುಕ್ತವೆ. ಒಂದೇ ಫೇಸಿನ ದೀಪದಲ್ಲಿ ತಿರುಗೋ ಬ್ಲೇಡು ನಿಂತ ಹಾಗೆ ಕಾಣೋದುಂಟು. ಆಮೇಲೆ ನ್ಯೂಟ್ರಲ್ಲು. ಅದರ ತುದಿಯನ್ನ ನಿನ್ನ ಕೈಯಾರೆ ಬಿಗಿಮಾಡಿ, ಎಳೆದು ನೋಡು. ಅದಕ್ಕೆ ಫ್ಯೂಸ್ ಹಾಕಬೇಡ. ನ್ಯೂಟ್ರಲ್ ಬಿಟ್ಟುಹೋದ್ರೆ ಎರಡು ಫೇಸಿನ ನಡುವಿನ 415 ವೋಲ್ಟು ನಿನ್ನ ಬಲ್ಬು, ಚಾರ್ಜರುಗಳ ಮೇಲೆ ಹಂಚಿಕೊಂಡು ಬೀಳತ್ತೆ. ಕಮ್ಮಿ ಲೋಡಿರೋ ಕಡೆ ಎಲ್ಲಾ ಸುಡತ್ತೆ.

— ಎಲ್ಲಾ ಮುಗಿದು ಮೀಟರು ಕೂರಿಸಿದ ದಿನ ನೀವು ಬರ್ತೀರಲ್ಲ?

— ಬರ್ದೇ ಇರ್ತೀನಾ. ಅವತ್ತು ಮೊದಲು ಬೆಲ್ಟುಗಳನ್ನೆಲ್ಲ ಬಿಚ್ಚಿಟ್ಟಿರು, ಬ್ಲೇಡೂ ಬೇಡ. ಪ್ರತಿ ಫೇಸಿಂದ ನ್ಯೂಟ್ರಲ್ಲಿಗೆ 230 ಆಸುಪಾಸು, ಫೇಸಿಂದ ಫೇಸಿಗೆ 400 ಆಸುಪಾಸು ಬರ್ತಿದೆಯಾ ನೋಡೋಣ. ಒಂದೊಂದೇ ಮೋಟಾರು ಒಂದು ಕ್ಷಣ ಒತ್ತಿ ಬಿಟ್ಟು ದಿಕ್ಕು ನೋಡೋಣ. ಉಲ್ಟಾ ಇದ್ರೆ ಯಾವ ಎರಡು ವೈರಾದ್ರೂ ಅದಲುಬದಲು ಮಾಡಿದ್ರೆ ಸಾಕು. ಆಮೇಲೆ ಬೆಲ್ಟ್ ಹಾಕಿ ಒಂದು ತೇಗದ ಹಲಗೆ ಕೊಯ್ಯಿ. ಕೊಯ್ತಿರುವಾಗ ನಾನು ಕ್ಲಾಂಪ್ ಮೀಟರ್ ಹಿಡಿದು ಮೂರು ವೈರಿನ ಆಂಪಿಯರ್ ಓದ್ತೀನಿ. ಆ ಮೂರು ಅಂಕಿ, ತಾರೀಖು, ಸ್ಟಾರ್ಟರ್ ಮುಚ್ಚಳದ ಒಳಗಡೆ ಮಾರ್ಕರಲ್ಲಿ ಬರೆದಿಡು. ಮಳೆಗಾಲ ಮುಗಿದ ಮೇಲೆ ಮತ್ತೆ ಅಳೆಯೋಣ. ಒಂದು ಅಂಕಿ ಮಾತ್ರ ಉಳಿದೆರಡರಿಂದ ದೂರ ಸರಿದಿದ್ರೆ ಮೊದಲು ಆ ಫೇಸಿನ ಸ್ಕ್ರೂ ಸಡಿಲಾಗಿದೆಯಾ ನೋಡೋಣ. ಬಿಗಿಯಿದ್ರೆ ಕಾಂಟ್ಯಾಕ್ಟರ್ ಬಿಚ್ಚಿ ಒಳಗಿನ ಪಾಯಿಂಟು ನೋಡೋಣ. ಅದೂ ಚೆನ್ನಾಗಿದ್ರೆ ಬೆಸ್ಕಾಂಗೆ ಫೋನು ಮಾಡಿ ಕಂಬದ ಮೇಲೆ ಹತ್ತಿಸಬೇಕಾಗತ್ತೆ.